ಪ್ರೋಟೀನ್ 'ನಿಲ್' ಬಂದರೆ ಸಾಲದು, ಎಸಿಆರ್ ಮಾಡಿಸಿ

ಶುಗರ್ ಇದ್ದವರ ಮೂತ್ರದಲ್ಲಿ ಪ್ರೋಟೀನ್ 'ನಿಲ್' ಬಂದರೆ ಕಿಡ್ನಿ ಚಿಂತೆ ಬೇಡ ಎಂದು ನೀವು ಪ್ರಕಟಿಸಿದ ಲೇಖನದಲ್ಲಿದೆ. ದಯವಿಟ್ಟು ತಿದ್ದಿ. ಪಟ್ಟಿ ಅದ್ದಿ ಬಣ್ಣ ನೋಡುವ ಪರೀಕ್ಷೆಗೆ ಆರಂಭದ ಸಣ್ಣ ಪ್ರೋಟೀನ್ ಸೋರಿಕೆ ಸಿಗುವುದಿಲ್ಲ. ಲ್ಯಾಬಿನಲ್ಲಿ ಎಸಿಆರ್ ಎಂದೇ ಕೇಳಿ, ಅಂದರೆ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಅಲ್ಬುಮಿನ್ ಎಂದರೆ ರಕ್ತದ ಒಂದು ಪ್ರೋಟೀನ್; ಕ್ರಿಯಾಟಿನಿನ್ ಎಂದರೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುವ ಸ್ನಾಯುಗಳ ತ್ಯಾಜ್ಯ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ, ಅದಕ್ಕೂ ಮೇಲಾದರೆ ತೀವ್ರವಾಗಿದೆ.

ಕ್ರಿಯಾಟಿನಿನ್ ಯಾಕೆ ಬೇಕು? ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಬೆವರಿ ಬಂದವರ ಮೂತ್ರ ಗಾಢ ಹಳದಿ, ಎರಡು ಚೆಂಬು ನೀರು ಕುಡಿದು ಬಂದವರದ್ದು ಬರೀ ನೀರಿನ ಹಾಗೆ. ಅಲ್ಬುಮಿನ್ ಒಂದನ್ನೇ ಅಳೆದರೆ ಲೆಕ್ಕ ತಪ್ಪುತ್ತದೆ. ಅದನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿದಾಗ ಆ ವ್ಯತ್ಯಾಸ ಬಹುಪಾಲು ಸರಿಹೋಗುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೂತ್ರ ಒಳ್ಳೆಯದು. ಶುರುವಿನದ್ದು ಬಿಟ್ಟು ನಡುವಿನದ್ದು ಹಿಡಿಯಿರಿ. ಜ್ವರ, ಉರಿಮೂತ್ರ, ಮುಟ್ಟು ಇದ್ದಾಗ, ಹಿಂದಿನ ದಿನ ಮೈಮುರಿದು ದುಡಿದಿದ್ದಾಗ ಕೊಡಬೇಡಿ, ಸುಮ್ಮನೆ ಏರಿ ಕಾಣುತ್ತದೆ. ಒಂದೇ ರಿಪೋರ್ಟ್ ನೋಡಿ ಹೆದರುವುದೂ ಬೇಡ: 3ರಿಂದ 6 ತಿಂಗಳೊಳಗೆ ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ.

ಟೈಪ್ 2 ಆದರೆ ಕಾಯಿಲೆ ಗೊತ್ತಾದಾಗಿನಿಂದಲೇ ವರ್ಷಕ್ಕೊಮ್ಮೆ, ಟೈಪ್ 1 ಆದರೆ ಕಾಯಿಲೆ ಬಂದು 5 ವರ್ಷದ ನಂತರ ವರ್ಷಕ್ಕೊಮ್ಮೆ ಎಸಿಆರ್ ಮಾಡಿಸಿ. ಜೊತೆಗೆ ರಕ್ತದ ಕ್ರಿಯಾಟಿನಿನ್‌ನಿಂದ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂಬ ಅಂದಾಜು) ಲೆಕ್ಕ ಹಾಕಿಸಲೇಬೇಕು; ಅಲ್ಬುಮಿನ್ ಸೋರದೆಯೂ ಕೆಲವರ ಕಿಡ್ನಿ ಸೋಲುತ್ತದೆ.