ಲೆಕ್ಕ ‘ಬರಲ್ಲ’ ಅನ್ನೋ ಮಾತಿನ ಬಗ್ಗೆ

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಅಕ್ಕನ ಮಗಳು ಗಣಿತದ ಟೆಸ್ಟ್ ಪೇಪರನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದಳು. 25ಕ್ಕೆ 7. ಯಾಕೆ ಪುಟ್ಟಿ ಅಂದರೆ ಒಂದೇ ಮಾತು, “ನಂಗೆ ಲೆಕ್ಕ ಬರಲ್ಲ ಮಾಮ.” ಅಡುಗೆಮನೆಯಿಂದ ನಮ್ಮಮ್ಮನ ದನಿ: “ಬಿಡೋ, ಅವಳಮ್ಮಂಗೂ ಬರ್ತಿರಲಿಲ್ಲ. ನಮ್ಮ ವಂಶಕ್ಕೇ ಲೆಕ್ಕ ಆಗಿ ಬರಲ್ಲ.”

ಹೀಗಂದ ನಮ್ಮಮ್ಮ ಇಪ್ಪತ್ತು ವರ್ಷದಿಂದ ಚೀಟಿ ಹಾಕಿಕೊಂಡು ಬಂದವರು. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಕೂಗು, ಅಂದರೆ ಆ ತಿಂಗಳ ದುಡ್ಡು ಬೇಕಾದವರು ಬಿಟ್ಟುಕೊಡೋ ಮೊತ್ತ, 18,000ಕ್ಕೆ ನಿಂತಿತು ಅನ್ನಿ. ಕಮಿಷನ್ 5,000 ಕಳೆದು, ಉಳಿದ 13,000ವನ್ನು 20 ಜನಕ್ಕೆ ಹಂಚಿ, “ಈ ತಿಂಗಳು 4,350 ಕೊಟ್ಟರೆ ಸಾಕು” ಅಂತ ಒಗ್ಗರಣೆ ಸೀಯುವುದರೊಳಗೆ ಹೇಳಿಬಿಡುತ್ತಾರೆ. ಲೆಕ್ಕ ಬರದ ವಂಶ!

ನನ್ನ ತಲೆ ತಿಂದಿದ್ದು ಆ ‘ಬರಲ್ಲ’ ಅನ್ನೋ ಪದ. ಸೈಕಲ್ ಬರಲ್ಲ ಅಂದ ಮಗುವಿನ ಹಿಂದೆ ನಾವು ಸೀಟು ಹಿಡಿದುಕೊಂಡು ಓಡುತ್ತೇವೆ. ಮಂಡಿ ತರಚಿದರೆ ಅರಿಶಿನ ಹಚ್ಚಿ ಮತ್ತೆ ಹತ್ತಿಸುತ್ತೇವೆ. ಈ ಮಗುವಿಗೆ ಸೈಕಲ್ ತುಳಿಯುವ ತಲೆ ಇಲ್ಲ ಅಂತ ಯಾರೂ ಅನ್ನಲ್ಲ. ಲೆಕ್ಕಕ್ಕೆ, ಇಂಗ್ಲಿಷಿಗೆ ಬಂದಾಗ ಮಾತ್ರ ಅದೇ ‘ಬರಲ್ಲ’ ಹಣೆಬರಹ ಆಗಿಬಿಡುತ್ತದೆ. ಇವತ್ತು ಬರಲ್ಲ ಅನ್ನೋದಕ್ಕೂ ಯಾವತ್ತೂ ಬರಲ್ಲ ಅನ್ನೋದಕ್ಕೂ ಕನ್ನಡದಲ್ಲಿ ಒಂದೇ ಪದ, ಅದೇ ಎಡವಟ್ಟು. ಗಾದೆಗಳಂತೂ ಎರಡೂ ಕಡೆ ಸಾಕ್ಷಿ ಹೇಳುತ್ತವೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತಲೂ ಇದೆ, ‘ಹಾಡ್ತಾ ಹಾಡ್ತಾ ರಾಗ’ ಅಂತಲೂ ಇದೆ. ನೆಂಟರ ಮುಂದೆ ಮಾರ್ಕ್ಸ್ ವಿಚಾರ ಬಂದಾಗ ಬಾಯಿಗೆ ಬರೋದು ಮೊದಲನೆಯದೇ.

ಹಾಗಂತ ‘ನೀನು ಬಹಳ ಜಾಣೆ’ ಅಂತ ಹೊಗಳಿದರೆ ಸರಿಹೋಗುತ್ತಾ? ಅದೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಹೆಸರು ಕೇಳಿರುತ್ತೀರಿ, ‘ಗ್ರೋತ್ ಮೈಂಡ್‌ಸೆಟ್’, ಅಂದರೆ ಬುದ್ಧಿ ಕಲಿತಂತೆ ಬೆಳೆಯುತ್ತದೆ ಅನ್ನೋ ನಂಬಿಕೆ, ಆ ಮಾತು ಊರೆಲ್ಲ ಹಬ್ಬಿದ್ದು ಅವರಿಂದ. ಅವರು ಕ್ಲಾಡಿಯಾ ಮುಲ್ಲರ್ ಜೊತೆ ಸೇರಿ ಮಾಡಿದ ಪ್ರಯೋಗಗಳು 1998ರಲ್ಲಿ ಪ್ರಕಟವಾದವು. ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಪ್ರಶ್ನೆಗಳನ್ನು ಕೊಟ್ಟು, ಮುಗಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಅಂದರು, ಕೆಲವರಿಗೆ ‘ಚೆನ್ನಾಗಿ ಕಷ್ಟಪಟ್ಟಿದ್ದೀಯ’ ಅಂದರು. ಆಮೇಲೆ ಕಷ್ಟದ ಪ್ರಶ್ನೆಗಳನ್ನು ಕೊಟ್ಟು ಎಲ್ಲರನ್ನೂ ಸೋಲಿಸಿದರು. ಮತ್ತೆ ಸುಲಭದ್ದು ಕೊಟ್ಟಾಗ, ಜಾಣ ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗೆ ಬಿದ್ದರು. ಕಷ್ಟಪಟ್ಟೆ ಅನ್ನಿಸಿಕೊಂಡವರು ಮೇಲೆ ಹೋದರು. ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು ವಿಷಯ. ಎಷ್ಟು ಸರಿ ಬಂತು ಅಂತ ಬರೆಯಲು ಹೇಳಿದಾಗ, ಜಾಣರ ಗುಂಪಿನಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಕ್ಕಳು ಸುಳ್ಳು ಅಂಕ ಬರೆದರು. ನಮ್ಮ ದಿಂಬಿನ ಕೆಳಗಿನ ಪೇಪರ್ ನೆನಪಾಯಿತು. ಈ ಹುಡುಗಿಯೂ ಮೂರನೇ ಕ್ಲಾಸಿನವರೆಗೆ ಮನೆಯವರೆಲ್ಲ ಹೊಗಳಿ ಅಟ್ಟಕ್ಕೇರಿಸಿದ ‘ಜಾಣೆ’ಯೇ.

ಈಗ ಶಾಲೆಗಳ ಗೋಡೆ ಮೇಲೆ ‘ನನ್ನಿಂದ ಸಾಧ್ಯ’ ಅಂತ ಬಣ್ಣಬಣ್ಣದ ಬರಹ. ನನಗೆ ಅದರಲ್ಲಿ ದೊಡ್ಡ ನಂಬಿಕೆ ಇಲ್ಲ. ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ಕ್ಲಾಸಿನ ಮಕ್ಕಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ‘ಬುದ್ಧಿ ಬೆಳೆಯುತ್ತದೆ’ ಅನ್ನುವುದನ್ನು ಒಂದು ಗಂಟೆಗೂ ಕಮ್ಮಿ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಹೇಳಿಕೊಟ್ಟಿದ್ದರು. ಓದಿನಲ್ಲಿ ಹಿಂದುಳಿದ ಮಕ್ಕಳ ಗ್ರೇಡು ಏರಿದ್ದು, ಸುಮಾರು 4ರ ಅಳತೆಯಲ್ಲಿ, 0.1ರಷ್ಟು. ಖರ್ಚಿಲ್ಲದ ಕೆಲಸ, ಅಷ್ಟಾದರೂ ಬಂತಲ್ಲ ಅನ್ನಬಹುದು. ಆದರೆ ಅದು ಚೆನ್ನಾಗಿ ನಾಟಿದ್ದು, ಕಷ್ಟದ್ದಕ್ಕೆ ಕೈ ಹಾಕುವುದು ಓರಗೆಯ ಮಕ್ಕಳಲ್ಲಿ ಮಾಮೂಲಾಗಿದ್ದ ಶಾಲೆಗಳಲ್ಲಿ. ಗೋಡೆ ಬರಹ ಓದಿಸಿ, ಫೇಲಾದವನನ್ನು ಎಲ್ಲರ ಮುಂದೆ ನಿಲ್ಲಿಸಿದರೆ ಮಗು ನಂಬುವುದು ಯಾವುದನ್ನು ಹೇಳಿ?

ಪೇಪರ್ ತೆಗೆಸಿ ನೋಡಿದೆ. ಕೆಂಪು ಇಂಟು ಗುರುತುಗಳು, ಕೊನೆಗೆ ಒಂದು ಅಂಕಿ. ತಪ್ಪು ಎಲ್ಲಿ ಅಂತ ಒಂದಕ್ಷರ ಇಲ್ಲ. ಅರವತ್ತು ಪೇಪರ್ ತಿದ್ದುವ ಟೀಚರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಪೇಪರನ್ನು ಸ್ವಲ್ಪ ನೋಡಿದರೆ ಸಾಕು, ಎಲ್ಲ ಕಡೆ ಒಂದೇ ತಪ್ಪು. 1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ಒಂದೇ ತಪ್ಪಿಗೆ ಆರು ಸಲ ಅಂಕ ಹೋಗಿದೆ.

ದೋಸೆ ತಿನ್ನೋ ಹೊತ್ತು. “ಅರ್ಧ ದೋಸೆ ತಿಂದೆ ಅನ್ಕೋ. ಮೇಲೆ ಇನ್ನೂ ಮೂರನೇ ಒಂದು ಭಾಗ ತಿಂದೆ. ಒಟ್ಟು ಅರ್ಧಕ್ಕಿಂತ ಕಮ್ಮಿ ಆಗುತ್ತಾ?” ಅಂದೆ. ಅವಳು ನಕ್ಕಳು. ಆಮೇಲೆ 2/5 ಅರ್ಧಕ್ಕಿಂತ ಕಮ್ಮಿ ಅಂತ ಅವಳಿಗೇ ಹೊಳೆದು ನಗು ನಿಂತಿತು. ದೋಸೆಯನ್ನು ಆರು ಪಾಲು ಮಾಡಿದೆವು. ಅರ್ಧ ಅಂದರೆ ಮೂರು ಪಾಲು, ಮೂರನೇ ಒಂದು ಅಂದರೆ ಎರಡು ಪಾಲು. “ಐದು! ಆರರಲ್ಲಿ ಐದು! ಅದಕ್ಕೇನಾ ಮಾಮ ಛೇದ ಸಮ ಮಾಡ್ಬೇಕು ಅನ್ನೋದು?” ಲ.ಸಾ.ಅ. ತೆಗೆಯೋದು ಅವಳಿಗೆ ಗೊತ್ತಿತ್ತು, ಯಾಕೆ ತೆಗೆಯಬೇಕು ಅನ್ನೋದು ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ದೋಸೆ ತಣ್ಣಗಾಯಿತು, ಅಕ್ಕ ಬೈದಳು.

2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಯಾವುದರಲ್ಲಿ ಜಾಸ್ತಿ ಅಂಕವೋ ಅದನ್ನೇ ಇಟ್ಟುಕೊಳ್ಳಬಹುದು. ‘ಸಪ್ಲಿಮೆಂಟರಿ’ ಅನ್ನೋ ಮುಜುಗರದ ಪದವೂ ಹೋಯಿತು. ಸುಮ್ನೆ ಪಾಸಿನ ಲೆಕ್ಕ ಹೆಚ್ಚಿಸೋ ಆಟ ಅಂತ ಆಡಿಕೊಳ್ಳುವವರ ಜೊತೆ ನಾನಿಲ್ಲ, ಇದು ಒಳ್ಳೆಯದೇ. ಆದರೆ ರಿಸಲ್ಟಿಗೂ ಮುಂದಿನ ಪರೀಕ್ಷೆಗೂ ನಡುವೆ ಸಿಗೋದು ಕೆಲವೇ ವಾರ. ಅಷ್ಟರಲ್ಲಿ ಯಾರಾದರೂ ಪಕ್ಕ ಕೂತು, ನಿನ್ನ 2/5 ಯಾವುದು ಅಂತ ತೋರಿಸಬೇಕಲ್ವಾ? ಇಲ್ಲದಿದ್ದರೆ ಮಗು ಅದೇ ತಪ್ಪನ್ನು ಮತ್ತೆ ಮತ್ತೆ ಬರೆದು ಬರುತ್ತದೆ. ಮತ್ತೆ ಮತ್ತೆ ಬರೆದೂ ಆಗಲಿಲ್ಲ ಅಂದಮೇಲೆ ‘ಬರಲ್ಲ’ ಇನ್ನೂ ಗಟ್ಟಿಯಾಗುತ್ತದೆ.

ಹೊರಡುವಾಗ ಪೇಪರ್ ದಿಂಬಿನ ಕೆಳಗಿಂದ ಮೇಜಿನ ಮೇಲೆ ಬಂದಿತ್ತು. ಮುಂದಿನ ಭಾನುವಾರ ದಶಮಾಂಶ. ಅಜ್ಜಿಯ ಚೀಟಿ ಪುಸ್ತಕ ಇಸ್ಕೊಂಡು ಇಟ್ಟಿರು ಅಂತ ಹೇಳಿ ಬಂದಿದ್ದೀನಿ.