ಆಲ್ಬಮ್ಮಿಗೆ ಬೇಡವಾದ ಮಂದಿ

ನಿನ್ನೆ ಕಲಬುರಗಿಯ ಸೇಡಂ ರಸ್ತೆಯ ಕಲ್ಯಾಣ ಮಂಟಪವೊಂದರ ಮುಂದೆ ಕೇಳಿಸಿಕೊಂಡ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಮದುವೆಗಳ ಫೋಟೋ ತೆಗೆಯುವುದು ನನ್ನ ವೃತ್ತಿ. ಮಾರಿಷಸ್‌ನಿಂದ ಬಂದ ಗೆಳೆಯನೊಬ್ಬ ಈಗ ನಮ್ಮ ಮನೆಯಲ್ಲಿ ಉಳಿದಿದ್ದಾನೆ. ಅಲ್ಲಿನ ಕಡಲ ದಂಡೆಯ ಮದುವೆಗಳಲ್ಲಿ ನನ್ನ ಜೊತೆ ಎರಡನೇ ಕ್ಯಾಮೆರಾ ಹಿಡಿಯುವವನು ಅವನೇ. ನಮ್ಮ ಕಡೆಯ ಮದುವೆ ನೋಡಲೆಂದು ಬಂದಿದ್ದವನು, ಮೆರವಣಿಗೆಗೆ ಮೊದಲು ಹಲಗಿ ಎಂಬ ತೊಗಲು ವಾದ್ಯ ಬಾರಿಸುವವರು ಗೋಡೆಯ ಮಗ್ಗುಲಲ್ಲಿ ಬೆಂಕಿ ಹಾಕಿ ಹಲಗಿ ಕಾಯಿಸುತ್ತಿದ್ದುದನ್ನು ಕಂಡು ಅಲ್ಲಿಯೇ ಮಂಡಿಯೂರಿ ಕುಳಿತುಬಿಟ್ಟ. ಅವನ ದೇಶದ ಸೆಗಾ ಕುಣಿತಕ್ಕೆ ಬಾರಿಸುವ ರವಾನ್ ಎಂಬ ವಾದ್ಯಕ್ಕೂ ಮೇಕೆಯ ತೊಗಲನ್ನೇ ಬಿಗಿಯುತ್ತಾರೆ, ಬಾರಿಸುವ ಮುನ್ನ ಅದನ್ನೂ ಹೀಗೆಯೇ ಬೆಂಕಿಗೆ ಹಿಡಿಯುತ್ತಾರೆ. ಅವನು ಒಂದರ ಹಿಂದೊಂದು ಚಿತ್ರ ತೆಗೆಯುತ್ತಿರುವಾಗ ವರನ ಕಡೆಯ ಹಿರಿಯರೊಬ್ಬರು ನನ್ನ ಬಳಿ ಬಂದು, "ಏ ಫೋಟೋದವರ, ನಿಮ್ಮ ಫಾರಿನ್ನವರಿಗಿ ಹೇಳ್ರಿ, ಅವರ ಫೋಟೋ ಯಾಕ ತೆಗಿಲತ್ತಾರ? ನಮ್ಮ ಮಂದೀದು ತೆಗೀಲಿ" ಎಂದರು.

ನಮ್ಮ ಮಂದಿ! ಮೆರವಣಿಗೆಯ ಉದ್ದಕ್ಕೂ, ಮೇ ತಿಂಗಳ ಈ ಬಿಸಿಲಿನಲ್ಲಿ ವರನ ಮುಂದೆ ನಡೆಯುತ್ತಾ ಬಾರಿಸುವವರು ಯಾರ ಮಂದಿ ಎಂದು ಕೇಳಬೇಕೆನಿಸಿತು. ಬಾಕಿ ಹಣ ಇನ್ನೂ ಬರಬೇಕಿದ್ದುದರಿಂದ ಸುಮ್ಮನಾದೆ. ಆ ಸಿಟ್ಟೇ ಈಗ ಇಲ್ಲಿ ಹರಿಯುತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಅದೇ ಹಿರಿಯರು ಗೆಳೆಯನ ಹೆಗಲ ಮೇಲೆ ಕೈಹಾಕಿ, ಇಡೀ ಕುಟುಂಬವನ್ನು ಸುತ್ತ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಅವನ ತಂದೆಯ ಪೂರ್ವಜರು ಬಿಹಾರದಿಂದ ಕಬ್ಬಿನ ತೋಟದ ಕೂಲಿಗೆ ಹೋದವರಾದ್ದರಿಂದ ಅವನು ನೋಡಲು ನಮ್ಮ ಹಾಗೆಯೇ ಇದ್ದಾನೆಂಬ ನಿರಾಶೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಇದೇ ಗೆಳೆಯನ ಊರಿಗೆ ನಮ್ಮವರು ಮದುವೆಗೆ ಹೋದಾಗ ನಡೆಯುವುದನ್ನು ಹೇಳಿದರೆ ನನ್ನ ಸಂಕಟ ಅರ್ಥವಾದೀತು. ಮಾರಿಷಸ್‌ನಲ್ಲಿ ಕಡಲ ದಂಡೆ ಸಾರ್ವಜನಿಕರದು. ಎಷ್ಟೇ ದೊಡ್ಡ ಹೋಟೆಲಾದರೂ ಅದರ ಮುಂದಿನ ಮರಳಿನಲ್ಲಿ ಊರವರು ನಡೆಯಬಹುದು, ಈಜಬಹುದು. ಭಾನುವಾರ ಬಂತೆಂದರೆ ಸರ್ವೆ ಮರಗಳ ನೆರಳಿನಲ್ಲಿ ಕುಟುಂಬಗಳು ಬುತ್ತಿ ಬಿಚ್ಚಿಕೊಂಡು ಕೂರುತ್ತವೆ, ಮಕ್ಕಳು ನೀರಿಗಿಳಿಯುತ್ತಾರೆ, ಯಾರೋ ಹಾಡು ಎತ್ತುತ್ತಾರೆ. ಅಷ್ಟರಲ್ಲಿ ನಮ್ಮ ಕಡೆಯ ವಧೂವರರ ಜೋಡಿ ಬಂದು, ಹಿಂದೆ ಕಾಣುವ ಮಂದಿಯನ್ನೆಲ್ಲ ಎಡಿಟಿಂಗ್‌ನಲ್ಲಿ ತೆಗೆದುಹಾಕಿರಿ ಎನ್ನುತ್ತದೆ. ಮೀನುಗಾರ ಬೇಡ, ಅವನ ದೋಣಿ ಮಾತ್ರ ಇರಲಿ. ದ್ವೀಪದವರು ಕಾಣಬಹುದಾದ ಜಾಗ ಒಂದೇ: ರಾತ್ರಿಯ ರಿಸೆಪ್ಷನ್ನಿನಲ್ಲಿ ಬಣ್ಣದ ಲಂಗ ಬೀಸಿ ಸೆಗಾ ಕುಣಿಯುವ ಹೆಣ್ಣುಮಕ್ಕಳಾಗಿ. ಗುಲಾಮರ ನೋವಿನಿಂದ ಹುಟ್ಟಿದ ಆ ಕುಣಿತವನ್ನು 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮವರಿಗೆ ಅದು ಐಸ್‌ಕ್ರೀಮಿಗೂ ಬೀಡಾಕ್ಕೂ ನಡುವಿನ ಒಂದು ಐಟಂ.

ಲೆ ಮೋರ್ನ್ ಬೆಟ್ಟದ ಕತೆಯೂ ಇಷ್ಟೇ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗಿ ಬದುಕಿದ್ದ ಆ ಬೆಟ್ಟ 2008ರಿಂದ ವಿಶ್ವ ಪರಂಪರೆಯ ತಾಣವಾಗಿದೆ. ಗೆಳೆಯನ ತಾಯಿ ಆ ಗುಲಾಮರ ವಂಶದ ಕ್ರಿಯೋಲ್ ಸಮುದಾಯದವರು, ಅವರಿಗೆ ಅದು ಪೂಜ್ಯ. ನಮ್ಮ ಜೋಡಿಗೋ ಅದು ಹಾರದ ಹಿಂದೆ ಚೆಂದ ಕೂರುವ ಪರದೆ, ಅದೂ ಸ್ವಲ್ಪ ದೊಡ್ಡದಾಗಿ ಕಂಡರೆ ಇನ್ನೂ ಚೆಂದ. (ಪೂರ್ವ ತೀರದ ಬೆಲ್ ಮಾರ್‌ನಲ್ಲಿ ಹೋಟೆಲು ಕಾದಿರಿಸಿ, ಕಡಲಿನಲ್ಲಿ ಮುಳುಗುವ ಸೂರ್ಯ ಬೇಕೆಂದು ನನ್ನ ಮೇಲೆ ರೇಗಿದವರೂ ಉಂಟು. ಸೂರ್ಯನಿಗೆ ಅಡ್ವಾನ್ಸ್ ಕೊಟ್ಟಿದ್ದಾರೇನೋ ಗೊತ್ತಿಲ್ಲ.)

ದುಡ್ಡು ಅವರದು, ಆಲ್ಬಮ್ ಅವರದು, ಯಾರಿರಬೇಕೆಂಬುದನ್ನು ಅವರೇ ತೀರ್ಮಾನಿಸಲಿ, ಮೇಲಾಗಿ ದ್ವೀಪದ ಹೊಟ್ಟೆ ತುಂಬುವುದೇ ಪ್ರವಾಸಿಗರಿಂದ ಎಂದು ನಮ್ಮ ವೃತ್ತಿಯ ಮಿತ್ರರು ವಾದಿಸುತ್ತಾರೆ. ಆಗಲಿ. ಆದರೆ ಪಂಕ್ತಿಯಲ್ಲಿ ಕುಳಿತು ಉಂಡವನು, ಬಡಿಸಿದವನ ಮುಖ ಕಾಣದಂತೆ ಪರದೆ ಹಾಕಿರಿ ಎಂದರೆ ಅದನ್ನು ಗಿರಾಕಿಯ ಹಕ್ಕು ಎಂದು ನಾನಂತೂ ಒಪ್ಪಲಾರೆ. ಈ ವೃತ್ತಿಯಿಂದಲೇ ನನ್ನ ಮನೆ ನಡೆಯುತ್ತದೆ ಎಂಬುದೂ, ಕಡಲೆಂದರೆ ನನಗೆ ಒಳಗೊಳಗೇ ದಿಗಿಲು ಎಂಬುದೂ ನಿಜ. ಆದರೂ ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಆ ಬೆಳಕಿಗಾಗಿ. ಬಿಳಿ ಮರಳು ಬೆಳಕನ್ನು ಕೆಳಗಿನಿಂದ ಎತ್ತಿ ಮುಖಕ್ಕೆ ಕೊಡುತ್ತದೆ. ನಮ್ಮ ಎರೆಭೂಮಿ ಬಿದ್ದ ಬೆಳಕನ್ನೆಲ್ಲ ನುಂಗಿ, ಕಣ್ಣಿನ ಗುಳಿಗಳಲ್ಲಿ ಕತ್ತಲೆ ಉಳಿಸುತ್ತದೆ. ಮೇ ಎರಡನೇ ವಾರದ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ, ಅಕ್ಷತೆಯ ಮುಹೂರ್ತವೂ ಸರಿಯಾಗಿ ಅದೇ ಹೊತ್ತಿಗೆ. ಅಂಥ ಬೆಳಕಿನಲ್ಲಿ, ಶಹಾಬಾದ್ ಕಲ್ಲಿನ ಅಂಗಳದಲ್ಲಿ, ಗೆಳೆಯ ಬೆಂಕಿಯ ಹೊಳಪನ್ನೇ ನೆಚ್ಚಿ ಹಲಗಿಯವರ ಮುಖಗಳನ್ನು ಹಿಡಿದಿದ್ದಾನೆ. ನಿನ್ನೆ ನಾನು ತೆಗೆದ ಯಾವ ಚಿತ್ರವೂ ಅದರ ಹತ್ತಿರ ಬರುವುದಿಲ್ಲ, ಹೊಟ್ಟೆಕಿಚ್ಚಾಯಿತು.

ಅವ್ವನಿಗೆ ಮಾತ್ರ ಅವನ ಬಗ್ಗೆ ಇಂಥ ಗೊಂದಲವೇನೂ ಇಲ್ಲ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಹಾಕಿ, "ಇನ್ನೊಂದು ಹಾಕ್ಕೋ ಯಪ್ಪಾ" ಎಂದು ಕನ್ನಡದಲ್ಲೇ ಗದರಿಸುತ್ತಾಳೆ, ಅವನು ಹಾಕಿಸಿಕೊಳ್ಳುತ್ತಾನೆ. ಹೋಳಿಗೆ ಬಡಿಸಿದಾಗ ತಮ್ಮೂರ ಬೀದಿಯಲ್ಲಿ ಮಾರುವ, ಬೇಳೆಯ ಹೂರಣದ ದಾಲ್ ಪುರಿಯನ್ನು ನೆನೆದು, ಇದರೊಳಗೆ ಸಿಹಿ ತುಂಬಿದವರು ಯಾರು ಎಂದು ಕೇಳಿದ.

ನಮ್ಮ ಭಾಗದಿಂದ ಮಾರಿಷಸ್‌ಗೆ ಮದುವೆ ಒಯ್ಯಬೇಕೆಂದಿರುವವರು ಇದನ್ನೂ ಓದುತ್ತೀರಿ ಎಂದು ಬಲ್ಲೆ. ಇನ್ನು ಮುಂದೆ ನನ್ನ ಕರಾರಿನಲ್ಲಿ ಒಂದು ಸಾಲು ಹೆಚ್ಚಿಗೆ ಇರುತ್ತದೆ: ಚಿತ್ರದಲ್ಲಿ ಬಂದ ಊರವರನ್ನು ಅಳಿಸಿಕೊಡುವುದಿಲ್ಲ, ಅಡುಗೆಯವರು, ಬಾರಿಸುವವರು, ದೋಣಿಯವರು ಆಲ್ಬಮ್ಮಿನಲ್ಲಿ ಇರುತ್ತಾರೆ. ಒಬ್ಬ ಮನುಷ್ಯನೂ ಕಾಣದ ಕಡಲೇ ಬೇಕೆನ್ನುವವರು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಯಾವುದಾದರೂ ಸ್ಟುಡಿಯೋದಲ್ಲಿ ಪರದೆಯ ಮುಂದೆ ನಿಂತುಕೊಳ್ಳಿರಿ. ವಿಮಾನದ ಖರ್ಚೂ ಉಳಿಯುತ್ತದೆ, ಸೂರ್ಯನೂ ನೀವು ಹೇಳಿದ ದಿಕ್ಕಿನಲ್ಲೇ ಮುಳುಗುತ್ತಾನೆ.