ಬೆವರು ನಿಂತರೆ ತಡಮಾಡಬೇಡಿ

ಬೇಸಿಗೆಯಲ್ಲಿ ಬಿಸಿಲಾಘಾತ (ಹೀಟ್ ಸ್ಟ್ರೋಕ್) ತಪ್ಪಿಸಲು ಮಧ್ಯಾಹ್ನ ಹೊರಗೆ ಹೋಗಬೇಡಿ, ನೀರು ಕುಡಿಯಿರಿ ಎಂದು ಲೇಖನವೊಂದರಲ್ಲಿ ಹೇಳಿರುವುದು ಸರಿ. ಆದರೆ ನಮ್ಮ ರಾಯಚೂರು ಕಡೆಯ ಕೂಲಿಯವರಿಗೆ ಅದು ಸಾಧ್ಯವೇ? ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಕಲ್ಲುಮಣ್ಣು ಹೊರುವವರಿಗೂ ಅದೇ ವೇಳೆ ಸಿಗಬೇಕು.

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಹೊಲದ ಬದುವಿನ ಮೇಲೆ ಕುಸಿದು ಕುಳಿತರು. ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಬೆವರಿನ ಹನಿಯೂ ಇರಲಿಲ್ಲ, ಮಾತು ತೊದಲುತ್ತಿತ್ತು. ಬೇವಿನ ನೆರಳಿಗೆ ಹೊತ್ತು ತಂದು, ಕೊಡದ ನೀರನ್ನೆಲ್ಲ ಮೈಮೇಲೆ ಸುರಿದು, ಒದ್ದೆ ಟವೆಲ್ಲನ್ನು ಕುತ್ತಿಗೆ, ಕಂಕುಳಿಗೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿದೆವು. ಪುಣ್ಯಕ್ಕೆ ಬದುಕಿ ಬಂದರು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು.